ಪೂಜೆಗಿಟ್ಟ ಕೀಲಿಕೈ

ಖರಾಡಿಯ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತ್ರಿವೇಣಿ ಎಂದರೆ ಎಲ್ಲರಿಗೂ ಸ್ವಲ್ಪ ಹೆದರಿಕೆ. ಕಂಪ್ಯೂಟರ್ ವಿಭಾಗ ಅವಳದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದವರನ್ನು ಮರಾಠಿಯಲ್ಲಿ ಬೈಯಲು ಶುರುಮಾಡಿ ವಿಜಯಪುರದ ಕನ್ನಡದಲ್ಲಿ ಮುಗಿಸುತ್ತಿದ್ದಳು. ಬೈಸಿಕೊಂಡವರಿಗೆ ಅರ್ಧ ತಿಳಿಯದಿದ್ದರೂ ಚೀಟಿ ಮಾತ್ರ ಮಾಯವಾಗುತ್ತಿತ್ತು.

ಅವಳ ಸಿಟ್ಟಿಗೆ ಕಾರಣವಿತ್ತು. ತಂಗಿ ಇಂದೂಗೆ ಎಚ್‌ಐವಿ ಇತ್ತು. ಮಾತ್ರೆ ತಪ್ಪಿಸದೆ ನುಂಗುತ್ತ, ತಳೇಗಾಂವದಲ್ಲಿ ಸಂಸಾರ ಮಾಡಿಕೊಂಡು ಆರಾಮಾಗಿದ್ದಳು. ಗಂಡ ಅಮರನಿಗೆ ವಿಷಯ ಗೊತ್ತಿತ್ತು, ಅತ್ತೆ ಶಿವಗಂಗವ್ವನಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಆ ಮನೆಯಲ್ಲಿ ಇಂದೂಳ ತಾಟು ಬೇರೆ, ಹಾಸಿಗೆ ಬೇರೆ, ಕೊನೆಗೆ ಮನೆಯೇ ಬೇರೆ. ಅವಳ ರಿಪೋರ್ಟು, ಮನೆಯವರ ಫೋನ್ ನಂಬರುಗಳ ಸಮೇತ, ಇದೇ ಲ್ಯಾಬಿನ ಸರ್ವರಿನಲ್ಲಿತ್ತು. "ನಿನ್ನ ಕಡೆ ಅದ ಅಂದ್ರ ನನಗ ಧೈರ್ಯ, ಅಕ್ಕಾ" ಅನ್ನುತ್ತಿದ್ದಳು.

ರಿಪೋರ್ಟುಗಳು ಆಸ್ಪತ್ರೆಗಳಿಗೆ ಎಫ್‌ಟಿಪಿ ಎಂಬ, ಫೈಲು ಕಳಿಸುವ ಹಳೆಯ ವಿಧಾನದಲ್ಲೇ ಹೋಗುತ್ತಿದ್ದವು. ಅದರಲ್ಲಿ ಏನೂ ಮುಚ್ಚಿರುವುದಿಲ್ಲ, ದಾರಿಯಲ್ಲಿ ಯಾರು ಬೇಕಾದರೂ ಇಣುಕಬಹುದು. ಅದನ್ನು ಬಿಡಿಸಲು ತ್ರಿವೇಣಿ ಹಟ ಹಿಡಿದಳು. ಎರಡು ದಾರಿಗಳಿದ್ದವು. ಎಫ್‌ಟಿಪಿಎಸ್ ಎಂದರೆ ಹಳೆಯದಕ್ಕೇ ಬೀಗ ಹಾಕಿದ್ದು. ಬಾರಾಮತಿಯ ಆಸ್ಪತ್ರೆಗೆ ಅದೇ ರೂಢಿ, ಆದರೆ ಅದಕ್ಕೆ ಪೋರ್ಟು ಎಂಬ ಹಲವು ಬಾಗಿಲುಗಳನ್ನು ತೆರೆದಿಡಬೇಕು, ಸರ್ವರಿನ ಗುರುತಿನ ಸರ್ಟಿಫಿಕೇಟಿನ ಅವಧಿ ಮುಗಿಯದಂತೆ ಕಾಯುತ್ತಿರಬೇಕು. ಎಸ್‌ಎಫ್‌ಟಿಪಿಗೆ ಒಂದೇ ಬಾಗಿಲು. ಪಾಸ್‌ವರ್ಡಿನ ಬದಲು, ಕೀಲಿಕೈ ಎಂಬ ಪುಟ್ಟ ಫೈಲು ಇದ್ದವರನ್ನಷ್ಟೇ ಒಳಗೆ ಬಿಡುವಂತೆ ಮಾಡಬಹುದು.

"ಎರಡೂ ಸುರಕ್ಷಿತ ಅಂತೀರಿ. ಮತ್ತ ಬಾರಾಮತಿಯವ್ರು ಹೇಳಿದ್ದ ಮಾಡ್ರಲ್ಲ" ಎಂದರು ಮಾಲೀಕ ಈರಬಸಪ್ಪ.

"ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗ್ತದ್ರಿ ಸಾಹೇಬ್ರ. ಕೀಲಿಕೈ ನನ್ನ ಕಡೆನೇ ಇರ್ತದ."

ಗೆದ್ದಳು. ಫೈಲುಗಳು ತಾವಾಗಿಯೇ ಹೋಗಬೇಕಿದ್ದರಿಂದ ಕೀಲಿಕೈಗೆ ಬೇರೆ ಪಾಸ್‌ವರ್ಡಿನ ಕಾವಲು ಹಾಕಲಿಲ್ಲ. ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿ, ಕೊರಳಿನ ಐಡಿ ಕಾರ್ಡಿನ ದಾರಕ್ಕೆ ಕಟ್ಟಿಕೊಂಡಳು.

ಖಂಡೇನವಮಿ ಬಂತು. ಈರಬಸಪ್ಪನವರ ಆಫೀಸಿನಲ್ಲಿ ಅಂದು ಯಾರ ಕೆಲಸದ ಹತ್ಯಾರ ಯಾವುದೋ ಅದು ದೇವರ ಮುಂದೆ ಬರಬೇಕು. ಕತ್ತರಿ, ಸ್ಟೇಪ್ಲರ್, ಸೂಕ್ಷ್ಮದರ್ಶಕ, ಬೈಕಿನ ಚಾವಿ ಎಲ್ಲ ಬಂದವು.

"ನಿಮ್ಮ ಹತ್ಯಾರ ಎಲ್ಲದ್ರಿ, ತ್ರಿವೇಣಿಯವ್ರ?" ಎಂದು ಈರಬಸಪ್ಪ ನಗೆಯಾಡಿದರು.

ಎಲ್ಲರ ಕಣ್ಣೂ ಅವಳ ಕೊರಳಿನ ಮೇಲೆ. ಅವಳೂ ನಕ್ಕು ಪೆನ್‌ಡ್ರೈವ್ ಬಿಚ್ಚಿಟ್ಟಳು. ಅದರ ಮೇಲೆ ಕುಂಕುಮ ಬಿತ್ತು, ಚೆಂಡುಹೂ ಬಿತ್ತು. ಪೂಜೆಗಿಟ್ಟದ್ದನ್ನು ದಸರೆಯ ದಿನ ಮಂಗಳಾರತಿ ಆಗುವತನಕ ಮುಟ್ಟುವಂತಿಲ್ಲ. ಒಂದು ಚೀಟಿಗಾಗಿ ಊರನ್ನೇ ಬೈಯುತ್ತಿದ್ದ ಈ ಮಹಾತಾಯಿ, ದೇವರ ಮುಂದಿನದಕ್ಕೆ ಯಾರು ಕೈ ಹಾಕುತ್ತಾರೆ ಎಂದುಕೊಂಡು ಮನೆಗೆ ಹೋಗಿ ಹೋಳಿಗೆ ಮಾಡಿದಳು! ಪ್ರಸಾದಕ್ಕೆ ಬರುವವರಿಗಾಗಿ ಆಫೀಸಿನ ಬಾಗಿಲು ತೆರೆದೇ ಇತ್ತು. ಅದೇ ಮಹಡಿಯ ಬೇರೆ ಆಫೀಸಿನವರು ಬಂದರು, ಎಸಿ ರಿಪೇರಿಯವನು ಬಂದ, ಗುರುತಿಲ್ಲದವರೂ ಬಂದು ಕೈಮುಗಿದು ಹೋದರು.

ಮರುದಿನ ಮಂಗಳಾರತಿ ಆದ ಮೇಲೆ ನೋಡಿದರೆ ಪೆನ್‌ಡ್ರೈವ್ ಇಟ್ಟಲ್ಲೇ ಇತ್ತು. ಅದರ ಲೋಹದ ತುದಿಯ ಮೇಲಿನ ಕುಂಕುಮವನ್ನು ಮಾತ್ರ ಯಾರೋ ಒರೆಸಿದ್ದರು.

ತ್ರಿವೇಣಿ ತನ್ನ ಕೋಣೆಗೆ ಓಡಿದಳು. ಕಂಪ್ಯೂಟರಿನ ಮುಂದೆ ಕೂತು ಸರ್ವರಿನ ದಾಖಲೆ ತೆರೆದಳು. ನವಮಿಯ ಸಂಜೆ ಎಂದೂ ಕಾಣದ ವಿಳಾಸವೊಂದರಿಂದ, ಅವಳದೇ ಕೀಲಿಕೈ ಬಳಸಿ ಯಾರೋ ಒಳಬಂದು ರಿಪೋರ್ಟುಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರು. ತಕ್ಷಣ ಆ ಕೀಲಿಕೈ ರದ್ದು ಮಾಡಿದಳು. ಹೋದದ್ದು ಹೋಗಿತ್ತು.

"ಇವತ್ತ ಬನ್ನಿ ಕೊಡೂ ದಿನ, ಕೆಟ್ಟ ಸುದ್ದಿ ಬ್ಯಾಡ್ರಿ. ನಾಳೆ ನೋಡೂಣು" ಎಂದರು ವಿಷಯ ಕೇಳಿದ ಈರಬಸಪ್ಪ. ಅವರಿಗೇನು, ಅವರ ತಂಗಿಯ ಹೆಸರು ಅದರಲ್ಲಿರಲಿಲ್ಲ.

ಮಧ್ಯಾಹ್ನ ಇಂದೂಳ ಫೋನ್ ಬಂತು. ದನಿ ತೀರ ಸಣ್ಣಗಿತ್ತು.

"ಅಕ್ಕಾ, ಅಡಿಗೀಮನಿಗೆ ಬಂದು ಮಾತಾಡಾಕತ್ತೀನಿ. ಅತ್ತಿ ಮೊಬೈಲಿಗೆ ಯಾರೋ ಒಂದು ಕಾಗದದ ಫೋಟೋ ಕಳ್ಸ್ಯಾರ. ಎಲ್ಲಾ ಇಂಗ್ಲಿಷ್‌ನಾಗ ಅದ. ಮ್ಯಾಲ ನನ್ನ ಹೆಸರದ."

ಆ ಕಡೆ ಹೊರಗಿನಿಂದ ಶಿವಗಂಗವ್ವನ ದನಿ ಕೇಳಿಸಿತು: "ಎಲ್ಲಿ ಹೋದ್ಯವಾ? ಬಾ, ಏನ್ ಬರ್ದಾರ ಓದಿ ಹೇಳು."

"ಕರ್ಯಾಕತ್ತಾರ" ಎಂದಳು ಇಂದೂ. "ಏನಂತ ಓದ್ಲಿ, ಅಕ್ಕಾ?"