ಅಮ್ಮನ ಹೆಸರಿನ ಲಕೋಟೆ

ಪರದೇಶದ ಯೂನಿಯನ್‌ವಿಲ್ ಊರಿನ ವೃದ್ಧಾಶ್ರಮದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಆ ಹಿರಿಯರನ್ನು ಎಲ್ಲರೂ ಬ್ರಿಗೇಡಿಯರ್ ಎಂದೇ ಕರೆಯುತ್ತಿದ್ದರು. ಬ್ರಿಟಿಷ್ ಸೈನ್ಯದಲ್ಲಿದ್ದಾಗ, ತಮ್ಮ ಕೈಕೆಳಗೆ ಸತ್ತ ಪ್ರತಿಯೊಬ್ಬ ಸೈನಿಕನ ತಾಯಿಗೂ ಸ್ವತಃ ಕಾಗದ ಬರೆದವರು. ಮರೆವು ಬಂದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು, ಟೈ ಬಿಗಿದುಕೊಂಡು ಬರೆಯಲು ಕೂರುತ್ತಿದ್ದರು. ಬರೆಯುತ್ತಾ, "ನೋವೇನೂ ಆಗಲಿಲ್ಲ" ಎಂದು ಗೊಣಗುತ್ತಿದ್ದರು.

ಒಂದು ದಿನ ಅವರಿಗೆ ಕಾಲುಚೀಲ ಹಾಕುತ್ತಿದ್ದಾಗ, "ನಿನ್ನ ತಾಯಿಯ ಹೆಸರೇನು?" ಎಂದು ಕೇಳಿದರು. ಹೇಳಿದೆ. ಊರು ಕೇಳಿದರು. ಉಡುಪಿ ಎಂದೆ. ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.

ಜೊತೆಗೆ ಕೆಲಸ ಮಾಡುತ್ತಿದ್ದ ಮಂಗಳೂರಿನಾಕೆ ಬೆಡ್‌ಶೀಟು ಮಡಚುವುದನ್ನು ನಿಲ್ಲಿಸಿದಳು. "ಅಮ್ಮನ ಹೆಸರು ಯಾಕೆ ಹೇಳಿದ್ದು ಮಾರಾಯ್ತಿ? ಹೋದ ವಿಂಟರಲ್ಲಿ ಒಬ್ಬಳು ನರ್ಸ್ ಹೀಗೇ ಅವಳಮ್ಮನ ಹೆಸರು ಹೇಳಿದ್ಲು. ಆಮೇಲೆ ಹೈವೇಯಲ್ಲಿ ಆಕ್ಸಿಡೆಂಟಾಗಿ ಸತ್ತೇ ಹೋದ್ಲು."

ನಾನು ನಕ್ಕುಬಿಟ್ಟೆ.

ಮಾರ್ಚಿನಲ್ಲಿ ಬ್ರಿಗೇಡಿಯರ್ ತೀರಿಕೊಂಡರು. ಡ್ರಾಯರು ಖಾಲಿ ಮಾಡುವಾಗ ಅಮ್ಮನ ಹೆಸರಿನ ಲಕೋಟೆ ಸಿಕ್ಕಿತು. ನಾನು ಎಂಥ ನಂಬಿಕಸ್ಥಳಾಗಿದ್ದೆ ಎಂದು ಅಮ್ಮನಿಗೆ ಬರೆದಿದ್ದರು. ಕೊನೆಯ ಗಳಿಗೆಯಲ್ಲಿ ನನಗೆ ನೋವೇನೂ ಆಗಲಿಲ್ಲವೆಂದೂ ಬರೆದಿದ್ದರು.

ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.