ದೀಪ ಕಾಣದ ವಾಲ್ವು

ಗೆಳೆಯರೇ, ಇವತ್ತು ಹೊನ್ನಾವರದ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದರಿನ ಕೇರಿಯ ಮಾದೇವಿ ಬಂದಳು. ಗಂಡ ನಾಗಪ್ಪ ದೋಣಿಯವನು. ಹವಾಮಾನ ಕೇಳಲೆಂದೇ ಬ್ಯಾಟರಿ ರೇಡಿಯೋ ಕೊಂಡಿದ್ದಾನೆ. ಅದನ್ನು ಮೇಜಿನ ಮೇಲಿಟ್ಟು, "ಇದು ಸುಳ್ಳು ರೇಡಿಯೋ ಅಣ್ಣಾ. ಹೋಟೆಲಿನ ದೊಡ್ಡ ರೇಡಿಯೋದೊಳಗೆ ವಾಲ್ವು ದೀಪದ ಹಾಂಗೆ ಉರೀತದೆ. ಇದರೊಳಗೆ ಎಂತದೂ ಇಲ್ಲ" ಎಂದಳು.

"ಹಾಡ್ತದಲ್ಲ?"

"ಹಾಡ್ತದೆ. ದೀಪ ಇಲ್ದೆ ಹೇಳಿದ ಮಾತು ನಂಬೂದು ಹೆಂಗೆ?"

ರೇಡಿಯೋದ ಸದ್ದು ಹೆಚ್ಚಿಸುವ ಗಾಜಿನ ಬುರುಡೆಯೇ ವಾಲ್ವು. ಹಳೆಯದು ಮುಷ್ಟಿಯಷ್ಟಿತ್ತು, ಹೊಸದು ಹೆಬ್ಬೆರಳಿನಷ್ಟು. ಬ್ಯಾಟರಿ ಬಾಳಲೆಂದು ಕಂಡೂ ಕಾಣದಷ್ಟು ಮಂದವಾಗಿ ಉರಿಯುತ್ತದೆ. ಬಾಗಿಲು ಮುಚ್ಚಿ ಕತ್ತಲೆ ಮಾಡಿ, ಗಾಜಿನೊಳಗಿನ ಕೂದಲೆಳೆಯಷ್ಟು ಕೆಂಪು ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ! ಗಾಳಿ ಏಳ್ತದೆ ಅಂತ ಬೆಳಿಗ್ಗೆ ಹೇಳ್ತು. ಸುಳ್ಳು ಅಂತ ನಾ ಇವ್ರಿಗೆ ಹೇಳ್ಲೇ ಇಲ್ಲ!" ರೇಡಿಯೋ ಅಲ್ಲೇ ಬಿಟ್ಟು, ದೋಣಿ ತಡೆಯಲು ಓಡಿದಳು.

ಸಂಜೆ ಇಬ್ಬರೂ ರೇಡಿಯೋ ಒಯ್ಯಲು ಬಂದರು. "ಎಲ್ಲಿ ಗಾಳಿ? ಒಂದು ಎಲೆ ಅಲ್ಲಾಡ್ಲಿಲ್ಲ. ಇವತ್ತಿನ ಬಂಗಡೆ ಮೀನು ಪೂರಾ ಹೋತು!" ಎಂದು ನಾಗಪ್ಪ ನನ್ನ ಮೇಲೆ ರೇಗಿದ. ಹಿಂದೆ ನಿಂತ ಮಾದೇವಿ ಗಂಡನನ್ನೇ ನೋಡುತ್ತ ನಿರಾಳವಾಗಿ ನಗುತ್ತಿದ್ದಳು.

ವಾಲ್ವಿಗೆ ನಾನು ಗ್ಯಾರಂಟಿ ಕೊಡುತ್ತೇನೆ. ಇನ್ನು ಗಾಳಿಗೂ ಕೊಡಬೇಕಂತೆ.