ಕಣಕ್ಕೆ ಹೋದ ಬ್ಯಾಟು

ಇವತ್ತು ಅಂಗಳದಲ್ಲಿ ಮೊಮ್ಮಗಳು ತನ್ನ ಹೊಸ ಬ್ಯಾಟಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ನೆತ್ತಿಗೇರಿತು.

ನಾನು ಶಾಲೆಯಲ್ಲಿದ್ದಾಗಿನ ಮಾತು. ಆದೋನಿಯಲ್ಲಿ ಶಾಲೆಗಳ ಕ್ರಿಕೆಟ್ ಪಂದ್ಯವಿತ್ತು. ಕೋಸಗಿಯ ಹುಡುಗರಾದ ನಮ್ಮ ಹತ್ತಿರ ಇದ್ದದ್ದು ಸುತಳಿ ದಾರ ಸುತ್ತಿದ, ಸೀಳುಬಿಟ್ಟ ಬ್ಯಾಟು. ಈ ಸಲ ಮುರಿಯದಂಥದ್ದೇ ಬೇಕೆಂದು ಬಡಿಗೇರ ಮಾಮನ ಮನೆಯ ಮುಂದಿನ ಕಟ್ಟಿಗೆ ರಾಶಿಯನ್ನೆಲ್ಲ ಕೆದಕಿ, ಗಂಟಿಲ್ಲದ, ಎಳೆ ನೆಟ್ಟಗಿದ್ದ ಜಾಲಿ ತುಂಡೊಂದನ್ನು ನಾನೇ ಆರಿಸಿದೆ. ಮಾಮ ಕೆತ್ತಿಕೊಟ್ಟ. ವಾರವಿಡೀ ಅದಕ್ಕೆ ಎಣ್ಣೆ ಕುಡಿಸಿದೆ.

ಪಂದ್ಯದ ದಿನ ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಬ್ಯಾಟಿಲ್ಲ! ಕಣದ ಕಡೆಯಿಂದ ಬಡಿಯುವ ಸದ್ದು ಕೇಳಿ ಅಲ್ಲಿಗೆ ಓಡಿದೆ. ಅಜ್ಜಿ ಅದರಿಂದ ತೊಗರಿ ಬಡಿಯುತ್ತಿದ್ದಳು.

"ಅದು ನನ್ನ ಬ್ಯಾಟು ಅಜ್ಜಿ! ರೈಲಿಗೆ ಹೊತ್ತಾಗೈತಿ, ಕೊಡು!"

"ಸುಮ್ನಿರಲೇ. ಹೊಸಾ ಕಟಿಗಿ ಸಾಮಾನು ಯಾವ್ದಾದ್ರೂ ಮೊದ್ಲು ಕಣಕ್ಕ ಬರಬೇಕು. ನಮ್ಮ ಮನಿ ಪದ್ಧತಿ. ಕೆಲಸ ಮುಗಿದ ಮ್ಯಾಲ ಒಯ್ಯಿ."

ಅಲ್ಲೇ ಇದ್ದ ಅಪ್ಪನ ಮುಖ ನೋಡಿದೆ. "ದೊಡ್ಡಾಕಿ ಹೇಳ್ಯಾಳ" ಎಂದು ಆತ ಎತ್ತು ಹೊಡೆದುಕೊಂಡು ನಡೆದೇಬಿಟ್ಟ. ನಮ್ಮ ಆಟವೆಂದರೆ ಅವರಿಗೆ ಅಷ್ಟೇ!

ಆದೋನಿಗೆ ಒಯ್ದ ಹಳೆಯ ಬ್ಯಾಟು ಮೊದಲ ಓವರಿನಲ್ಲೇ ಹೋಳಾಯಿತು. ಸೋತು ಬಂದವನಿಗೆ ಅಜ್ಜಿ ಹೇಳಿದ್ದೇನು ಗೊತ್ತೇ? "ಎಂಥಾ ಗಟ್ಟಿ ಕಟಿಗಿ ಆರಿಸೀಯೋ ತಮ್ಮಾ! ಒಂದು ಚೆಕ್ಕಿ ಎದ್ದಿಲ್ಲ ನೋಡು. ಇದನ್ನ ನಾ ಕೊಡಂಗಿಲ್ಲ."

ಕೊಡಲೂ ಇಲ್ಲ. ಅದು ಇಂದಿಗೂ ಹಿತ್ತಲಲ್ಲಿದೆ. ಇಷ್ಟು ಸುಗ್ಗಿ ಕಂಡಿದೆ, ಒಂದು ಚೆಂಡೂ ಕಂಡಿಲ್ಲ.

ಅಷ್ಟರಲ್ಲಿ ಸೊಸೆ ಬಂದು ತನ್ನ ಮಗಳ ಮುಂದೆ ಕೈ ಚಾಚಿದಳು. "ತೊಗರಿ ಬಡೀಬೇಕು, ಆ ಹೊಸಾದು ಸ್ವಲ್ಪ ಕೊಡವ್ವ."

ನಾನು ಎದ್ದು ಹೋಗಿ ಹಿತ್ತಲಿನಿಂದ ಆ ಹಳೆಯ ಜಾಲಿ ಬ್ಯಾಟನ್ನು ತಂದು ಸೊಸೆಯ ಕೈಗಿಟ್ಟೆ.

"ಇದನ್ನ ಒಯ್ಯವ್ವ. ಅದು ಮೊದ್ಲು ಚೆಂಡು ನೋಡ್ಲಿ."